ಫಾರ್ಮಸಿ ಕಾಲೇಜಿನಲ್ಲಿ ವಿದ್ಯಾರ್ಥಿ ವೇದಿಕೆ: ಕಟ್ಟುವುದು ಹೇಗೆ, ನಡೆಸುವುದು ಹೇಗೆ

ಬಿ.ಫಾರ್ಮ್, ಅಂದರೆ ಔಷಧ ವಿದ್ಯೆಯ ಪದವಿ, ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಓದುವುದೆಲ್ಲ ಇಂಗ್ಲಿಷಿನಲ್ಲಿ. ಮೊದಲ ಸೆಮಿಸ್ಟರ್‌ನಲ್ಲಿ ಕಮ್ಯುನಿಕೇಶನ್ ಸ್ಕಿಲ್ಸ್ ಅಂತ ಒಂದು ಪೇಪರ್ ಇದೆ, ಅದೂ ಇಂಗ್ಲಿಷಿನದೇ. ರೋಗಿಗೆ ಔಷಧದ ಬಗ್ಗೆ ತಿಳಿಸಿ ಹೇಳುವ ಪಾಠ ಬರುವುದು ಏಳನೇ ಸೆಮಿಸ್ಟರ್‌ನ ಫಾರ್ಮಸಿ ಪ್ರಾಕ್ಟೀಸ್‌ನಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಜನರ ತಲೆಯೆಲ್ಲ ಎಂ.ಫಾರ್ಮ್ ಪ್ರವೇಶ ಪರೀಕ್ಷೆಯಾದ ಜಿಪ್ಯಾಟ್ ಕಡೆಗೋ ಕಂಪನಿ ಕೆಲಸದ ಕಡೆಗೋ ಹೋಗಿರುತ್ತದೆ. ಡಿಗ್ರಿ ಮುಗಿಸಿ ಕೌಂಟರ್‌ನಲ್ಲಿ ನಿಂತಾಗ ಅಜ್ಜಿಯೊಬ್ಬರು "ಈ ಶುಗರ್ ಮಾತ್ರೆ ಊಟಕ್ಕೆ ಮುಂಚೆನಾ, ಆಮೇಲಾ? ಏಕಾದಶಿ ದಿನ ಏನ್ಮಾಡ್ಲಿ?" ಅಂತ ಕೇಳಿದರೆ ಹುಡುಗ ತಡವರಿಸುತ್ತಾನೆ. ಉತ್ತರ ಅವನಿಗೆ ಗೊತ್ತಿದೆ. ಬಾಯಿಬಿಟ್ಟು ಹೇಳಿ ಅಭ್ಯಾಸ ಇಲ್ಲ ಅಷ್ಟೆ.

ಈ ಅಭ್ಯಾಸ ಮಾಡಿಕೊಳ್ಳಲು ಕಾಲೇಜಿನಲ್ಲಿ ಇರುವ ಒಳ್ಳೆಯ ಜಾಗ ವಿದ್ಯಾರ್ಥಿಗಳ ವೃತ್ತಿಪರ ವೇದಿಕೆ. ಸಂಪರ್ಕ ಬೆಳೆಯುತ್ತದೆ, ರೆಸ್ಯೂಮೆಯಲ್ಲಿ ಒಂದು ಸಾಲು ಸೇರುತ್ತದೆ, ನಾಲ್ಕು ಜನರ ಮುಂದೆ ಮಾತಾಡುವ ಧೈರ್ಯ ಬರುತ್ತದೆ, ಇದೆಲ್ಲ ನಿಜ. ಆದರೆ ನನ್ನ ಲೆಕ್ಕದಲ್ಲಿ ವೇದಿಕೆಯ ಮುಖ್ಯ ಕೆಲಸ ಒಂದೇ: ಕಲಿತ ಔಷಧ ವಿದ್ಯೆಯನ್ನು ಜನರ ಮಾತಿನಲ್ಲಿ ಹೇಳುವುದನ್ನು ಓದುವಾಗಲೇ ಕಲಿಸುವುದು. ಕೆಳಗಿನ ಹೆಜ್ಜೆಗಳನ್ನು ಆ ದೃಷ್ಟಿಯಿಂದಲೇ ಬರೆದಿದ್ದೇನೆ. ಜಿಲ್ಲಾ ಕೇಂದ್ರದ ಅಥವಾ ತಾಲ್ಲೂಕಿನ ಚಿಕ್ಕ ಕಾಲೇಜಿನ ವಿದ್ಯಾರ್ಥಿಗಳು ನನ್ನ ಮನಸ್ಸಿನಲ್ಲಿದ್ದಾರೆ. ಮೈಸೂರಿನ ಜೆಎಸ್ಎಸ್, ಮಣಿಪಾಲದಂಥ ದೊಡ್ಡ ಸಂಸ್ಥೆಗಳಲ್ಲಿ ಪಕ್ಕದಲ್ಲೇ ಆಸ್ಪತ್ರೆ ಇದೆ. ನಿಮ್ಮಲ್ಲಿ ಅದು ಇಲ್ಲದಿದ್ದರೂ ಈ ಕೆಲಸ ನಡೆಯುತ್ತದೆ.

ಶುರು ಮಾಡುವ ಮುಂಚೆ: ಯಾರು ಯಾರು?

ಹೊಸ ಹೆಸರು, ಹೊಸ ಲೋಗೋ ಮಾಡುವ ಆತುರ ಬೇಡ. ಈಗಾಗಲೇ ಏನಿದೆ ಅಂತ ನೋಡಿ.

ಇಂಡಿಯನ್ ಫಾರ್ಮಾಸ್ಯೂಟಿಕಲ್ ಅಸೋಸಿಯೇಷನ್, ಅಂದರೆ ಐಪಿಎ, 1939ರಲ್ಲಿ ಹುಟ್ಟಿದ ಸಂಘ. ಅದಕ್ಕೆ ಸ್ಟೂಡೆಂಟ್ಸ್ ಫೋರಮ್ ಅಂತ ವಿದ್ಯಾರ್ಥಿಗಳ ವಿಭಾಗ ಇದೆ. ಇಂಟರ್‌ನ್ಯಾಷನಲ್ ಫಾರ್ಮಾಸ್ಯೂಟಿಕಲ್ ಸ್ಟೂಡೆಂಟ್ಸ್ ಫೆಡರೇಶನ್, ಅಂದರೆ ಐಪಿಎಸ್ಎಫ್‌ನಲ್ಲಿ ಭಾರತದ ಸದಸ್ಯ ಸಂಘಟನೆ ಇದೇ ಫೋರಮ್. ಐಪಿಎಸ್ಎಫ್ 1949ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು, ಈಗ ಅದರ ಕಚೇರಿ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿದೆ. ಅದರ ವಿಶ್ವ ಸಮಾವೇಶ 2015ರಲ್ಲಿ ನಮ್ಮ ಪಕ್ಕದ ಹೈದರಾಬಾದಿನಲ್ಲೇ ನಡೆದಿತ್ತು. ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಪಿಸಿಐ, ಮತ್ತು ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್ ಬೇರೆಯೇ ರೀತಿಯವು. ಅವು 1948ರ ಫಾರ್ಮಸಿ ಕಾಯ್ದೆಯಡಿ ಶಿಕ್ಷಣ ಮತ್ತು ನೋಂದಣಿ ನೋಡಿಕೊಳ್ಳುವ ಶಾಸನಬದ್ಧ ಸಂಸ್ಥೆಗಳು. ಅಲ್ಲಿ ವಿದ್ಯಾರ್ಥಿ ಸದಸ್ಯತ್ವ ಅಂತ ಹುಡುಕಿಕೊಂಡು ಹೋಗಬೇಡಿ.

ನಿಮ್ಮ ಮುಂದೆ ಎರಡು ದಾರಿ ಇವೆ. ಕಾಲೇಜಿನ ಮಟ್ಟದಲ್ಲೇ ಒಂದು ವೇದಿಕೆ ಮಾಡಿಕೊಳ್ಳಬಹುದು. ಇಲ್ಲವೇ ಐಪಿಎಯ ಸ್ಥಳೀಯ ಶಾಖೆಯ ಮೂಲಕ ಫೋರಮ್‌ಗೆ ಸೇರಬಹುದು. ಒಂದು ವರ್ಷ ಕಾಲೇಜಿನ ಒಳಗೇ ಕೆಲಸ ಮಾಡಿ, ತಂಡ ನಿಂತ ಮೇಲೆ ದೊಡ್ಡ ಸಂಘಕ್ಕೆ ಸೇರುವುದು ವಾಸಿ. ಬ್ಯಾಡ್ಜ್ ಮೊದಲು ಬಂದು ಕೆಲಸ ಆಮೇಲೆ ಬರುತ್ತದೆ ಅಂದುಕೊಂಡ ಕಡೆ ಹೆಚ್ಚಾಗಿ ಬ್ಯಾಡ್ಜ್ ಮಾತ್ರ ಉಳಿಯುತ್ತದೆ.

ಹೆಜ್ಜೆ 1: ಒಬ್ಬ ಮೇಷ್ಟ್ರು, ಒಂದು ಅನುಮತಿ ಪತ್ರ

ಸಲಹೆಗಾರರಾಗಿ ಒಬ್ಬ ಅಧ್ಯಾಪಕರು ಬೇಕೇ ಬೇಕು. ಫಾರ್ಮಸಿ ಪ್ರಾಕ್ಟೀಸ್ ವಿಭಾಗದವರಾದರೆ ಒಳ್ಳೆಯದು, ಫಾರ್ಮಕಾಲಜಿಯವರೂ ಆಗಬಹುದು. ಅವರು ರಾಜ್ಯ ಕೌನ್ಸಿಲ್‌ನಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಆಗಿದ್ದರೆ ಇನ್ನೂ ಅನುಕೂಲ. ಯಾಕೆ ಅಂತ ಐದನೇ ಹೆಜ್ಜೆಯಲ್ಲಿ ಗೊತ್ತಾಗುತ್ತದೆ. ಎಲ್ಲ ಸಮಿತಿಯಲ್ಲೂ ಹೆಸರಿರುವ ಹಿರಿಯ ಪ್ರೊಫೆಸರ್‌ಗಿಂತ, ಕರೆದರೆ ಶನಿವಾರ ಮಧ್ಯಾಹ್ನ ಬರುವ ಕಿರಿಯ ಅಧ್ಯಾಪಕರನ್ನು ಕೇಳಿ.

ಪ್ರಾಂಶುಪಾಲರ ಹತ್ತಿರ ಹೋಗುವಾಗ ಒಂದು ಪುಟದ ಪತ್ರ ಸಾಕು. ಉದ್ದೇಶ, ತಂಡದ ಹೆಸರುಗಳು, ವರ್ಷದಲ್ಲಿ ಮಾಡುವ ಮೂರು ಕೆಲಸ, ಬೇಕಾದ ಜಾಗ. ಕಾಲೇಜಿನ ಗುಣಮಟ್ಟ ನೋಡುವ ನ್ಯಾಕ್ ಅಥವಾ ಎನ್‌ಬಿಎ ಪರಿಶೀಲನೆಗೆ ಇದರ ದಾಖಲೆ ಉಪಯೋಗಕ್ಕೆ ಬರುತ್ತದೆ ಅಂತ ಒಂದು ಸಾಲು ಸೇರಿಸಿ. ಸುಳ್ಳೇನಲ್ಲ, ಸಹಿಯೂ ಬೇಗ ಬೀಳುತ್ತದೆ.

ಹೆಜ್ಜೆ 2: ತಂಡ ಮತ್ತು ಎರಡು ಪುಟದ ನಿಯಮ

ನಿಯಮಾವಳಿ ಎರಡು ಪುಟ ದಾಟಬಾರದು. ಸದಸ್ಯರು ಯಾರಾಗಬಹುದು, ಪದಾಧಿಕಾರಿಗಳನ್ನು ಹೇಗೆ ಆರಿಸುತ್ತೀರಿ, ಅವಧಿ ಎಷ್ಟು, ದುಡ್ಡಿಗೆ ಯಾರ ಸಹಿ, ಕೆಲಸ ಮಾಡದವರನ್ನು ಬದಲಿಸುವುದು ಹೇಗೆ. ಇಷ್ಟು ಬರೆದರೆ ಸಾಕು. ಕೊನೆಯದನ್ನು ಬರೆಯಲು ಎಲ್ಲರಿಗೂ ಸಂಕೋಚ. ಅದನ್ನೇ ಮೊದಲು ಬರೆಯಿರಿ.

ಹುದ್ದೆ ನಾಲ್ಕೈದು ಇರಲಿ: ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ತರಬೇತಿ ನೋಡಿಕೊಳ್ಳುವವರು, ಹೊರಗಿನ ಕಾರ್ಯಕ್ರಮ ನೋಡಿಕೊಳ್ಳುವವರು. ಕೆಲವು ಕಡೆ ಇಪ್ಪತ್ತು ಹುದ್ದೆ ಸೃಷ್ಟಿಸುತ್ತಾರೆ, ಜಂಟಿ ಕಾರ್ಯದರ್ಶಿಗೊಬ್ಬ ಸಹ ಕಾರ್ಯದರ್ಶಿ. ಕೊನೆಗೆ ಕುರ್ಚಿ ಜೋಡಿಸಲು ಯಾರೂ ಇರುವುದಿಲ್ಲ.

ಅಧ್ಯಕ್ಷರು ಮೂರನೇ ವರ್ಷದವರಾಗಿರಲಿ. ಕೊನೆಯ ವರ್ಷದವರಿಗೆ ಪ್ರಾಜೆಕ್ಟ್, ಪರೀಕ್ಷೆ, ಕೆಲಸ ಹುಡುಕುವ ಗಡಿಬಿಡಿ. ಎರಡನೇ ವರ್ಷದವರನ್ನು ಪ್ರತಿ ಹುದ್ದೆಗೂ ಜೊತೆಯಾಗಿ ಹಾಕಿ. ಅದೇ ಕ್ಯಾಂಪಸ್‌ನಲ್ಲಿ ಡಿ.ಫಾರ್ಮ್ ಡಿಪ್ಲೊಮಾ ಇದ್ದರೆ ಆ ವಿದ್ಯಾರ್ಥಿಗಳನ್ನು ಬಿಡಲೇಬೇಡಿ. ನಾಳೆ ಊರಿನ ಮೆಡಿಕಲ್ ಶಾಪ್‌ನಲ್ಲಿ ಕೂರುವವರಲ್ಲಿ ಅವರೇ ಜಾಸ್ತಿ. ಬಿ.ಫಾರ್ಮ್ ಹುಡುಗರು ಅವರನ್ನು ಸ್ವಲ್ಪ ಕೆಳಗಿಟ್ಟು ನೋಡುವುದುಂಟು, ಅದು ವೇದಿಕೆಯೊಳಗೆ ಬರಬಾರದು. ಫಾರ್ಮ್.ಡಿ, ಅಂದರೆ ಡಾಕ್ಟರ್ ಆಫ್ ಫಾರ್ಮಸಿ ಕೋರ್ಸ್ ಇದ್ದರೆ, ವಾರ್ಡಿಗೆ ಹೋಗಿ ಬಂದ ಅವರ ಅನುಭವ ತರಬೇತಿಗೆ ಉಪಯೋಗ ಆಗುತ್ತದೆ.

ಹೆಜ್ಜೆ 3: ಕ್ಯಾಲೆಂಡರ್

ಮೊದಲು ಇಂಟರ್ನಲ್ಸ್ ಮತ್ತು ವಿಶ್ವವಿದ್ಯಾಲಯದ ಪರೀಕ್ಷೆಗಳ ದಿನ ಗುರುತು ಮಾಡಿ ಅಡ್ಡಗೆರೆ ಎಳೆಯಿರಿ. ಉಳಿದ ಜಾಗದಲ್ಲಿ ಕೆಲವೇ ದಿನಾಂಕಗಳನ್ನು ತುಂಬಿ.

ಸೆಪ್ಟೆಂಬರ್ 17ರಿಂದ 23 ರಾಷ್ಟ್ರೀಯ ಫಾರ್ಮಕೋವಿಜಿಲೆನ್ಸ್, ಅಂದರೆ ಔಷಧಗಳ ಅಡ್ಡಪರಿಣಾಮದ ಮೇಲೆ ನಿಗಾ ಇಡುವ ಕೆಲಸದ, ಸಪ್ತಾಹ. ಅದರ ಬೆನ್ನಿಗೇ ಸೆಪ್ಟೆಂಬರ್ 25 ವಿಶ್ವ ಫಾರ್ಮಸಿಸ್ಟ್‌ಗಳ ದಿನ. ಅಂತರರಾಷ್ಟ್ರೀಯ ಫಾರ್ಮಸಿ ಒಕ್ಕೂಟವಾದ ಎಫ್‌ಐಪಿ 1912ರಲ್ಲಿ ಹುಟ್ಟಿದ್ದು ಅದೇ ದಿನ. ನವೆಂಬರ್ ಮೂರನೇ ವಾರ ಐಪಿಎಯ ರಾಷ್ಟ್ರೀಯ ಫಾರ್ಮಸಿ ಸಪ್ತಾಹ, ಅದರ ಆಸುಪಾಸಿನಲ್ಲೇ 18ರಿಂದ 24ರವರೆಗೆ ಆ್ಯಂಟಿಬಯೋಟಿಕ್ ನಿರೋಧಕತೆಯ ಜಾಗೃತಿ ವಾರ. ಮಾರ್ಚ್ 6 ರಾಷ್ಟ್ರೀಯ ಫಾರ್ಮಸಿ ಶಿಕ್ಷಣ ದಿನ. 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಶಿಕ್ಷಣ ಶುರು ಮಾಡಿದ ಪ್ರೊಫೆಸರ್ ಮಹಾದೇವ ಲಾಲ್ ಶ್ರಾಫ್ ಅವರ ಹುಟ್ಟುಹಬ್ಬ ಅದು.

ಇವಿಷ್ಟನ್ನೂ ಆಚರಿಸಲು ಹೋದರೆ ವರ್ಷವೆಲ್ಲ ಬ್ಯಾನರ್ ಕಟ್ಟುವುದೇ ಆಗುತ್ತದೆ. ಸೆಪ್ಟೆಂಬರ್‌ನದೊಂದು, ನವೆಂಬರ್‌ನದೊಂದು ಇಟ್ಟುಕೊಳ್ಳಿ. ಉಳಿದ ವಾರಗಳಲ್ಲಿ ಸದ್ದಿಲ್ಲದೆ ನಡೆಯುವ ಕೆಲಸ ಮುಂದಿನದು.

ಹೆಜ್ಜೆ 4: ವಾರಕ್ಕೊಂದು ಗಂಟೆ, ಕನ್ನಡದಲ್ಲಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ವಾರಕ್ಕೆ ಒಂದು ದಿನ, ತರಗತಿ ಮುಗಿದ ಮೇಲೆ ಒಂದು ಗಂಟೆ. ಒಂದು ಔಷಧ, ಒಬ್ಬ 'ರೋಗಿ', ಒಬ್ಬ 'ಫಾರ್ಮಸಿಸ್ಟ್', ಉಳಿದವರು ನೋಡುವವರು. ಮಾತು ಪೂರ್ತಿ ಕನ್ನಡದಲ್ಲಿ.

ಪುಸ್ತಕದಲ್ಲಿ ಮೂರು ಮೂಲ ಪ್ರಶ್ನೆಗಳನ್ನು ಓದಿರುತ್ತೀರಿ. ಈ ಔಷಧ ಯಾಕೆ ಅಂತ ಡಾಕ್ಟರ್ ಹೇಳಿದ್ದಾರೆ? ಹೇಗೆ ತಗೊಳ್ಳಬೇಕು ಅಂತ ಹೇಳಿದ್ದಾರೆ? ತಗೊಂಡರೆ ಏನಾಗುತ್ತದೆ ಅಂತ ಹೇಳಿದ್ದಾರೆ? ಇವನ್ನು ಕೇಳಿ, ರೋಗಿಗೆ ಗೊತ್ತಿಲ್ಲದ್ದನ್ನು ಮಾತ್ರ ತುಂಬುವುದು ಈ ವಿಧಾನ. ಗೊತ್ತಿರುವುದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸುವ ವೈವಾ (ಮೌಖಿಕ ಪರೀಕ್ಷೆ) ಅಭ್ಯಾಸ ಇಲ್ಲಿ ಬಿಡಬೇಕು.

ಕೊನೆಯಲ್ಲಿ ಅವರಿಂದಲೇ ವಾಪಸ್ ಹೇಳಿಸಬೇಕು. "ಅರ್ಥ ಆಯ್ತಾ?" ಅಂತ ಕೇಳಿದರೆ ನಮ್ಮ ಜನ "ಹ್ಞೂಂ" ಅಂತಾರೆ, ಅದು ಮರ್ಯಾದೆಯ ಹ್ಞೂಂ. ಅದರ ಬದಲು "ನಾನು ಸರಿಯಾಗಿ ಹೇಳಿದ್ನಾ ಗೊತ್ತಾಗ್ಬೇಕು. ಮನೆಗೆ ಹೋಗಿ ಈ ಮಾತ್ರೆ ಹೇಗೆ ತಗೋತೀರಿ, ಒಂದ್ಸಲ ಹೇಳ್ತೀರಾ?" ಅಂತ ಕೇಳಿ. ಪರೀಕ್ಷೆ ರೋಗಿಗಲ್ಲ, ನಿಮಗೆ ಅನ್ನಿಸುವ ಹಾಗೆ ಕೇಳುವುದೇ ಜಾಣತನ.

ಔಷಧ ಆರಿಸುವಾಗ ಜನ ನಿಜವಾಗಿ ಎಡವುವ ಕಡೆಯಿಂದ ಶುರು ಮಾಡಿ. ನಾಲ್ಕು ಉದಾಹರಣೆ ಕೊಡುತ್ತೇನೆ.

ಥೈರಾಯ್ಡ್ ಮಾತ್ರೆ. ಲೆವೊಥೈರಾಕ್ಸಿನ್ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆ. ಆದರೆ ಕಾಫಿ ಕುಡಿದರೂ ಹೊಟ್ಟೆ ಖಾಲಿಯೇ ಅಂತ ನಂಬಿರುವ ಮನೆಗಳು ನಮ್ಮಲ್ಲಿ ಬಹಳ. "ಖಾಲಿ ಹೊಟ್ಟೆ" ಅಂತಷ್ಟೇ ಹೇಳಿ ಕಳಿಸಿದರೆ ಕೆಲಸ ಅರ್ಧ. "ಕಾಫಿನೂ ಆಮೇಲೇನೇ" ಅಂತ ಸೇರಿಸಬೇಕು. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಬೇಕು.

ಮಕ್ಕಳ ಜ್ವರದ ಸಿರಪ್. ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ಗೆ 120 ಮಿಗ್ರಾಂ ಇರುವುದೂ ಸಿಗುತ್ತದೆ, 250 ಮಿಗ್ರಾಂ ಇರುವುದೂ ಸಿಗುತ್ತದೆ. ಮಗುವಿಗೆ ಲೆಕ್ಕ ಹಾಕುವುದು ಒಂದು ಕೆಜಿ ತೂಕಕ್ಕೆ 10ರಿಂದ 15 ಮಿಗ್ರಾಂ. 12 ಕೆಜಿ ಮಗುವಿಗೆ 180 ಮಿಗ್ರಾಂ ಬೇಕಾದರೆ ಒಂದು ಸಿರಪ್‌ನಲ್ಲಿ 7.5 ಎಂಎಲ್, ಇನ್ನೊಂದರಲ್ಲಿ 3.6 ಎಂಎಲ್. ಬಾಟಲಿ ಬದಲಾದರೂ ಅಮ್ಮ ಹಳೇ ಅಳತೆಯಲ್ಲೇ ಕೊಡುತ್ತಾರೆ. ಅದರ ಮೇಲೆ ಅಡುಗೆಮನೆ ಚಮಚ ಬೇರೆ. ಅಳತೆ ಮುಚ್ಚಳವನ್ನು ಕೈಯಲ್ಲಿ ಹಿಡಿದು ಗೆರೆ ತೋರಿಸುವುದನ್ನು ಅಭ್ಯಾಸ ಮಾಡಿ.

ಓಆರ್‌ಎಸ್. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಚಿಕ್ಕದು 200 ಎಂಎಲ್‌ಗೆ. ದೊಡ್ಡ ಪೊಟ್ಟಣದಲ್ಲಿ ಸ್ವಲ್ಪ ಸ್ವಲ್ಪ ಲೋಟಕ್ಕೆ ಹಾಕಿ ಕಲಸುವುದು ತಪ್ಪು, ಉಪ್ಪಿನ ಪ್ರಮಾಣ ಹೆಚ್ಚುಕಡಿಮೆ ಆಗುತ್ತದೆ. ಒಂದು ಲೀಟರ್ ಬಾಟಲಿ ತಂದು ಕಲಸಿ ತೋರಿಸಿ. ಕಲಸಿದ್ದನ್ನು 24 ಗಂಟೆ ಆದ ಮೇಲೆ ಇಟ್ಟುಕೊಳ್ಳಬಾರದು.

ಇನ್‌ಹೇಲರ್. ಅಲ್ಲಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ನಿಧಾನ ಎಳೆದುಕೊಳ್ಳಲು ಶುರು ಮಾಡುತ್ತಲೇ ಒತ್ತಿ, ಹತ್ತು ಸೆಕೆಂಡು ಹಿಡಿದುಕೊಳ್ಳಬೇಕು. ಸ್ಟೀರಾಯ್ಡ್ ಇನ್‌ಹೇಲರ್ ಆದರೆ ಆಮೇಲೆ ಬಾಯಿ ಮುಕ್ಕಳಿಸಬೇಕು. ಔಷಧ ಇಲ್ಲದ ಡೆಮೊ ಇನ್‌ಹೇಲರ್ ವಿಭಾಗದಲ್ಲಿ ಇರಬಹುದು, ಕೇಳಿ ನೋಡಿ. ನಿಮ್ಮ ತಂಡದವರಲ್ಲೇ ಎಷ್ಟು ಜನ ಮೊದಲ ಸಲಕ್ಕೆ ಸರಿಯಾಗಿ ಮಾಡುತ್ತಾರೆ ನೋಡಿ, ಮಜಾ ಇರುತ್ತದೆ.

ಈಗ ಏಕಾದಶಿ ಅಜ್ಜಿಯ ಶುಗರ್ ಮಾತ್ರೆ ಪ್ರಶ್ನೆ. ಮೆಟ್‌ಫಾರ್ಮಿನ್ ಊಟದ ಜೊತೆಗೆ. ಗ್ಲಿಮಿಪಿರೈಡ್ ಥರದ ಮಾತ್ರೆ ತಗೊಂಡು ಊಟ ಬಿಟ್ಟರೆ ಶುಗರ್ ತೀರಾ ಇಳಿಯಬಹುದು. ಬೆವರು, ನಡುಕ, ತಲೆಸುತ್ತು ಬಂದರೆ ತಕ್ಷಣ ಸಕ್ಕರೆ ನೀರು. ಉಪವಾಸಕ್ಕೆ ಮುಂಚೆ ಡಾಕ್ಟರ್ ಹತ್ತಿರ ಮಾತಾಡಿ ಪ್ರಮಾಣ ಕೇಳಬೇಕು. ರಂಜಾನ್ ತಿಂಗಳಲ್ಲೂ ಇದೇ ಮಾತು. "ಉಪವಾಸ ಮಾಡಬೇಡಿ" ಅಂತ ಅಪ್ಪಣೆ ಕೊಟ್ಟರೆ ಅಜ್ಜಿ ನಿಮ್ಮ ಮಾತು ಬಿಡುತ್ತಾರೆ, ಉಪವಾಸ ಬಿಡುವುದಿಲ್ಲ.

ರೋಗಿಯ ಪಾತ್ರವನ್ನು ಬೇಕೆಂದೇ ಕಷ್ಟದ್ದಾಗಿ ಮಾಡಿ. ಕಿವಿ ಮಂದ ಇರುವ ತಾತ, ಅವಸರದ ಆಟೋ ಡ್ರೈವರ್, ಪ್ರಿಸ್ಕ್ರಿಪ್ಶನ್ ಇಲ್ಲದೆ ಅಜಿತ್ರೊಮೈಸಿನ್ ಆ್ಯಂಟಿಬಯೋಟಿಕ್ ಕೇಳುವ ಪಕ್ಕದ ಮನೆ ಅಣ್ಣ, "ಈ ಮಾತ್ರೆ ಉಷ್ಣ, ಬೇಡ" ಅನ್ನುವ ಅಮ್ಮ. ಊರಿನ ಮಾತನ್ನೂ ಬಿಡಬೇಡಿ. ಹುಬ್ಬಳ್ಳಿ, ಕಲಬುರಗಿ ಕಡೆ ಗುಳಿಗೆ ಅಂತಾರೆ, ಮೈಸೂರು ಕಡೆ ಮಾತ್ರೆ. ಕೇರಳದಿಂದಲೋ ಈಶಾನ್ಯ ರಾಜ್ಯಗಳಿಂದಲೋ ಬಂದ ಸಹಪಾಠಿಗಳು ಇದ್ದರೆ ಅವರಿಗೆ ಇಪ್ಪತ್ತು ಕನ್ನಡ ವಾಕ್ಯ ಬರೆದುಕೊಡಿ. ನಾಲ್ಕು ವರ್ಷ ಇಲ್ಲೇ ಇರುವವರು ಖುಷಿಯಿಂದ ಕಲಿಯುತ್ತಾರೆ.

ಹೆಜ್ಜೆ 5: ಜನರ ಹತ್ತಿರ ಹೋಗುವುದು

ಮೂರು ತಿಂಗಳು ಅಭ್ಯಾಸ ಆದ ಮೇಲೆ ಹೊರಗೆ ಹೋಗಿ. ಅದಕ್ಕೆ ಮುಂಚೆ ಬೇಡ.

ಮೊದಲು ಕಾನೂನು. ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಡಾಕ್ಟರ್ ಚೀಟಿಯ ಮೇಲೆ ಔಷಧ ಕೊಡುವುದು ನೋಂದಾಯಿತ ಫಾರ್ಮಸಿಸ್ಟ್ ಕೆಲಸ. ನೀವು ಇನ್ನೂ ವಿದ್ಯಾರ್ಥಿ. ಕ್ಯಾಂಪ್‌ನಲ್ಲಿ ಮಾತ್ರೆ ಹಂಚಬೇಡಿ, ಪ್ರಮಾಣ ಬದಲಿಸಲು ಹೇಳಬೇಡಿ, "ಇದನ್ನು ನಿಲ್ಲಿಸಿ" ಅನ್ನಬೇಡಿ. ನೋಂದಾಯಿತ ಅಧ್ಯಾಪಕರು ಜಾಗದಲ್ಲೇ ಇರಬೇಕು. ಗ್ರಾಮ ಪಂಚಾಯಿತಿ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಮುಂಚೆಯೇ ಪತ್ರ ಕೊಡಿ. ಆಶಾ ಕಾರ್ಯಕರ್ತೆಯರ ಜೊತೆ ಒಂದು ಸಲ ಕೂತು ಮಾತಾಡಿ, ಯಾವ ಮನೆಯಲ್ಲಿ ಯಾರಿಗೆ ಏನು ಔಷಧ ನಡೀತಿದೆ ಅಂತ ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ. ಎನ್‌ಎಸ್‌ಎಸ್ ಘಟಕ ಇದ್ದರೆ ಜೊತೆಗೂಡಿ. ಸ್ವಯಂಸೇವಕರಿಗೆ ವರ್ಷಕ್ಕೆ 120 ಗಂಟೆ ಸೇವೆ ಬೇಕೇ ಬೇಕು.

ಭಾಷಣದ ಕ್ಯಾಂಪ್‌ಗಿಂತ 'ಔಷಧ ಚೀಲ' ಕ್ಯಾಂಪ್ ನೂರು ಪಾಲು ಉಪಯೋಗ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ ಅಂತ ಹಿಂದಿನ ದಿನವೇ ತಿಳಿಸಿ. ಅವಧಿ ಮುಗಿದ ಕೆಮ್ಮಿನ ಸಿರಪ್ ಬರುತ್ತದೆ. ಬೇರೆ ಬೇರೆ ಕಂಪನಿ ಹೆಸರಿನಲ್ಲಿ ಒಂದೇ ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್ ಎರಡು ಪಟ್ಟಿ ಬರುತ್ತದೆ, ಒಂದು ಸರ್ಕಾರಿ ಆಸ್ಪತ್ರೆಯದು, ಇನ್ನೊಂದು ಪೇಟೆಯ ಕ್ಲಿನಿಕ್‌ನದು. ಮಂಡಿನೋವಿಗೆ ದಿನಾ ನುಂಗುವ ಡೈಕ್ಲೊಫೆನಾಕ್ ಬರುತ್ತದೆ, ಜೊತೆಯಲ್ಲೇ ಬಿಪಿ ಮಾತ್ರೆ, ಇದು ಜಾಗ್ರತೆ ಬೇಕಾದ ಜೋಡಿ. ಅರ್ಧ ಉಳಿದ ಆ್ಯಂಟಿಬಯೋಟಿಕ್ ಸ್ಟ್ರಿಪ್ ಬರುತ್ತದೆ. ಅದರ ಮೇಲಿನ ಕೆಂಪು ಗೆರೆ ತೋರಿಸಿ, ಡಾಕ್ಟರ್ ಹೇಳದೆ ತಗೊಳ್ಳಬಾರದ ಔಷಧದ ಗುರುತು ಇದು ಅಂತ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗದು.

ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಡಿ. ಔಷಧದ ಹೆಸರು, ಯಾಕೆ, ಯಾವ ಹೊತ್ತು. ಓದಲು ಬಾರದವರಿಗೆ ಸೂರ್ಯ, ಚಂದ್ರ, ತಟ್ಟೆಯ ಚಿತ್ರ ಬರೆಯಿರಿ. ಅನುಮಾನ ಬಂದದ್ದನ್ನು ಹಾಳೆಯ ಕೆಳಗೆ "ಡಾಕ್ಟರ್‌ಗೆ ತೋರಿಸಿ ಕೇಳಿ" ಅಂತ ಬರೆದು, ಅಧ್ಯಾಪಕರ ಸಹಿ ಹಾಕಿಸಿ. ಅಪಾಯದ ಜೋಡಿ ಕಂಡರೆ ಹಾಳೆಗೆ ಬಿಟ್ಟು ಸುಮ್ಮನಿರಬೇಡಿ, ಅಧ್ಯಾಪಕರು ಅಲ್ಲೇ ವೈದ್ಯಾಧಿಕಾರಿಗೆ ಫೋನ್ ಮಾಡಲಿ.

ಬಿಪಿ ನೋಡುವುದಾದರೆ ಐದು ನಿಮಿಷ ಕೂರಿಸಿ, ತೋಳು ಎದೆಯ ಮಟ್ಟಕ್ಕಿಟ್ಟು, ಮಾತಾಡಿಸದೆ ನೋಡಿ. 140/90 ದಾಟಿದರೆ "ನಿಮಗೆ ಬಿಪಿ ಇದೆ" ಅಂತ ತೀರ್ಪು ಕೊಡಬೇಡಿ, ಇನ್ನೊಂದು ದಿನ ಆಸ್ಪತ್ರೆಯಲ್ಲಿ ನೋಡಿಸಿಕೊಳ್ಳಲು ಹೇಳಿ. 180/120ರ ಹತ್ತಿರ ಇದ್ದರೆ ಅದೇ ದಿನ ಕಳಿಸಿ. ಶುಗರ್ ನೋಡಲು ಚುಚ್ಚಿದ ಸೂಜಿಗಳು ಚುಚ್ಚಿ ತೂತಾಗದ ಬಿಳಿ ಡಬ್ಬಿಗೇ ಹೋಗಬೇಕು, ಕಸದ ಬುಟ್ಟಿಗಲ್ಲ.

ಫೋಟೋ ವಿಷಯ. ರೋಗಿಯ ಮುಖ, ಚೀಟಿ, ಮಾತ್ರೆ ಪಟ್ಟಿ ಒಪ್ಪಿಗೆ ಇಲ್ಲದೆ ತೆಗೆಯಬಾರದು. ಐದು ಜನ ಒಂದೇ ಬಾಳೆಹಣ್ಣು ಹಿಡಿದು ಒಬ್ಬ ರೋಗಿಗೆ ಕೊಡುವ ಫೋಟೋ ನೋಡಿ ನೋಡಿ ಸಾಕಾಗಿದೆ.

ಹೆಜ್ಜೆ 6: ಅಡ್ಡಪರಿಣಾಮ ಬರೆದು ಕಳಿಸುವುದು

ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ 2010ರಲ್ಲಿ ಶುರುವಾಯಿತು. ಅದರ ರಾಷ್ಟ್ರೀಯ ಕೇಂದ್ರ ಗಾಜಿಯಾಬಾದಿನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್‌ನಲ್ಲಿದೆ. ಸಾರ್ವಜನಿಕರು ವರದಿ ಮಾಡುವ ಫಾರಂ ಕನ್ನಡದಲ್ಲೂ ಇದೆ, ಉಚಿತ ಸಹಾಯವಾಣಿ 1800-180-3024. ವರದಿಗೆ ಕನಿಷ್ಠ ನಾಲ್ಕು ವಿಷಯ ಬೇಕು: ಯಾರಿಗೆ ಆಯಿತು, ಯಾವ ಔಷಧದ ಮೇಲೆ ಅನುಮಾನ, ಏನಾಯಿತು, ವರದಿ ಮಾಡುವವರು ಯಾರು. ರೋಗಿಯ ಪೂರ್ತಿ ಹೆಸರು ಬೇಡ, ಇನಿಷಿಯಲ್ ಸಾಕು. ಔಷಧದಿಂದಲೇ ಆಯಿತು ಅಂತ ಸಾಬೀತು ಮಾಡುವ ಹೊಣೆಯೂ ನಿಮ್ಮದಲ್ಲ, ಅನುಮಾನ ಇದ್ದರೆ ಸಾಕು.

ಸೆಪ್ಟೆಂಬರ್ ಸಪ್ತಾಹದಲ್ಲಿ ಪೋಸ್ಟರ್ ಸ್ಪರ್ಧೆ ಇಡುವ ಬದಲು, ತಂಡದ ಪ್ರತಿಯೊಬ್ಬರೂ ಫಾರಂ ತುಂಬುವುದನ್ನು ಕಲಿಯಲಿ. ಹತ್ತಿರದ ಮೆಡಿಕಲ್ ಕಾಲೇಜಿನಲ್ಲಿ ಇಂಥ ವರದಿ ತೆಗೆದುಕೊಳ್ಳುವ ಮಾನಿಟರಿಂಗ್ ಸೆಂಟರ್ ಇದ್ದರೆ ಒಮ್ಮೆ ಹೋಗಿ ಬನ್ನಿ.

ದುಡ್ಡಿನ ಮಾತು

ಸದಸ್ಯತ್ವ ಶುಲ್ಕ ಚಿಕ್ಕದಿರಲಿ. ಖರ್ಚೂ ಚಿಕ್ಕದೇ: ಜೆರಾಕ್ಸ್, ಬಸ್ಸು, ಬಿಪಿ ಉಪಕರಣ, ಓಆರ್‌ಎಸ್ ಪೊಟ್ಟಣ, ಚಹಾ. ಅಧ್ಯಾಪಕರು ಮತ್ತು ಖಜಾಂಚಿ ಇಬ್ಬರ ಸಹಿ ಇಲ್ಲದೆ ಒಂದು ರೂಪಾಯಿಯೂ ಹೊರಡಬಾರದು. ಲೆಕ್ಕವನ್ನು ಸೆಮಿಸ್ಟರ್ ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಹಾಕಿ. ಔಷಧ ಕಂಪನಿ ಪ್ರಾಯೋಜಕತ್ವ ಕೊಡಲು ಬಂದರೆ ಬ್ರ್ಯಾಂಡ್ ಹೆಸರು ಕ್ಯಾಂಪ್‌ಗೆ ಬಾರದ ಹಾಗೆ ನೋಡಿಕೊಳ್ಳಿ. ಒಪ್ಪದಿದ್ದರೆ ನಮಸ್ಕಾರ ಹೇಳಿ ಕಳಿಸಿ.

ಹೊರಗಿನ ಬಾಗಿಲುಗಳು

ತಂಡ ಗಟ್ಟಿಯಾದ ಮೇಲೆ ಐಪಿಎ ಫೋರಮ್ ಮೂಲಕ ಐಪಿಎಸ್ಎಫ್ ಕಡೆ ನೋಡಿ. ಅದರ ಪೇಶಂಟ್ ಕೌನ್ಸೆಲಿಂಗ್ ಸ್ಪರ್ಧೆ ನೀವು ವಾರವಾರ ಮಾಡುತ್ತಿರುವುದೇ. ಎದುರಿಗೆ ಒಬ್ಬ ಅಣಕು ರೋಗಿ ಕೂತಿರುತ್ತಾರೆ, ನೀವು ಮಾತಾಡಬೇಕು. ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಲ್ಲಿ ಬೇರೆ ದೇಶದ ಆಸ್ಪತ್ರೆಯಲ್ಲೋ ಫಾರ್ಮಸಿಯಲ್ಲೋ ಕೆಲವು ವಾರ ಇದ್ದು ಬರಬಹುದು. ಅಮೆರಿಕಕ್ಕೆ ಓದಲು ಹೋಗುವ ಯೋಚನೆ ಇರುವವರಿಗೆ ಒಂದು ಮಾತು: ಅಲ್ಲಿನ ಫಾರ್ಮಸಿ ಶಾಲೆಗಳಲ್ಲಿ ಫಾರ್ಮಸಿಸ್ಟ್‌ಗಳ ಸಂಘದ ವಿದ್ಯಾರ್ಥಿ ಘಟಕಗಳು ಮೇಲ್ವಿಚಾರಣೆಯಲ್ಲಿ ಜನರಿಗೆ ಲಸಿಕೆಯನ್ನೂ ಹಾಕುತ್ತವೆ. ಅದನ್ನು ನೋಡಿ ಇಲ್ಲಿಯ ಕ್ಯಾಂಪ್‌ನಲ್ಲಿ ಸೂಜಿ ಹಿಡಿಯಲು ಹೋಗಬೇಡಿ, ನಮ್ಮ ಕಾನೂನು ಬೇರೆ.

ಹೆಜ್ಜೆ 7: ಬಿಟ್ಟುಹೋಗುವುದು

ಹೆಚ್ಚಿನ ವೇದಿಕೆಗಳು ನಿಂತುಹೋಗುವುದು ಇಲ್ಲೇ. ಒಳ್ಳೆಯ ಅಧ್ಯಕ್ಷರು ಪಾಸಾಗಿ ಹೋಗುತ್ತಾರೆ, ವಾಟ್ಸಾಪ್ ಗುಂಪು ಸುಮ್ಮನಾಗುತ್ತದೆ, ಜೂನಿಯರ್‌ಗಳು ಮತ್ತೆ ಮೊದಲಿನಿಂದ ಲೋಗೋ ಬಿಡಿಸಲು ಕೂರುತ್ತಾರೆ.

ಅವಧಿ ಮುಗಿಯಲು ಎರಡು ತಿಂಗಳು ಇರುವಾಗಲೇ ಹೊಸ ತಂಡ ಆರಿಸಿ. ಆ ಎರಡು ತಿಂಗಳು ಹೊಸಬರು ನಡೆಸಲಿ, ಹಳಬರು ಪಕ್ಕದಲ್ಲಿರಲಿ. ಒಂದು ಫೈಲ್ ಕೊಡಿ: ನಿಯಮಾವಳಿ, ಲೆಕ್ಕಪತ್ರ, ಪಂಚಾಯಿತಿ ಮತ್ತು ಆರೋಗ್ಯ ಕೇಂದ್ರಕ್ಕೆ ಬರೆದ ಪತ್ರಗಳ ಪ್ರತಿ, ಪ್ರತಿ ಕ್ಯಾಂಪ್‌ನ ಒಂದು ಪುಟದ ವರದಿ. ವರದಿಯಲ್ಲಿ ಎಷ್ಟು ಜನ ಬಂದರು ಅನ್ನುವುದಕ್ಕಿಂತ ಜನ ಏನು ಕೇಳಿದರು ಅಂತ ಬರೆಯಿರಿ, ಅವರ ಮಾತಿನಲ್ಲೇ. "ಬಿಪಿ ಇಳಿದ ಮೇಲೆ ಮಾತ್ರೆ ಬಿಡಬಹುದಾ?", "ಎರಡು ಹೊತ್ತಿಂದು ಒಟ್ಟಿಗೆ ನುಂಗಬಹುದಾ?", "ಜೆನೆರಿಕ್ ಅಂದ್ರೆ ಡೂಪ್ಲಿಕೇಟಾ?" ಇಂಥ ಪ್ರಶ್ನೆಗಳ ಪಟ್ಟಿ ವರ್ಷ ವರ್ಷ ಬೆಳೆಯಲಿ. ಮುಂದಿನ ತಂಡ ತನ್ನ ಮೊದಲ ವಾರದ ಅಭ್ಯಾಸಕ್ಕೆ ಆ ಪಟ್ಟಿಯಿಂದಲೇ ಒಂದು ಪ್ರಶ್ನೆ ಎತ್ತಿಕೊಳ್ಳಬಹುದು.